ಗುಂಡೋ ಕುಣಿಕೆಯೋ?

ಈ ಭಾನುವಾರ ಗಿಟಾರ್ ನುಡಿಸಿ ಮಾವನ ಬಾಯಿಂದ "ಭೇಷ್" ಎನ್ನಿಸದಿದ್ದರೆ ತನ್ನ ಹೆಸರನ್ನೇ ಬದಲಿಸಿಕೊಳ್ಳುವುದಾಗಿ ಝೇಂಕಾರ ಘೋರ ಶಪಥ ಮಾಡಿದ! ಆ ಹೆಸರೂ ಅವನದಲ್ಲ, ಕಡತಗಳ ಮೇಲೆ ತಾಳ ಹಾಕುವ ಗುಮಾಸ್ತನಿಗೆ ಕಚೇರಿಯವರು ಇಟ್ಟದ್ದು. ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಮದುವೆಯಾದಾಗಿನಿಂದ ಅಳಿಯನ ಬಗ್ಗೆ ಅವರಾಡಿದ್ದ ಏಕೈಕ ಒಳ್ಳೆಯ ಮಾತು: "ಎತ್ತರ ಪರವಾಗಿಲ್ಲ."

ನುಡಿಸಲು ಹೊರಟದ್ದಾದರೂ ಏನು? ಜಿಪ್ಸಿ ಜಾಝ್! ಹಗ್ಗ ಕಿತ್ತ ಕುದುರೆಯಂತೆ ಓಡುವ ಸಂಗೀತ. ಅದಕ್ಕೆಂದೇ ಮೊಟ್ಟೆಯಾಕಾರದ ಪುಟ್ಟ ಬಾಯಿಯ ಗಿಟಾರ್ ಬೇರೆ ಇದೆ. ಇವನದೋ, ದುಂಡು ಬಾಯಿಯ ಸಾಧಾರಣ ಗಿಟಾರ್.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಹೆಂಡತಿ.

"ನೆಲ ಅಲ್ಲ ಕಣೇ, ತಂತಿ! ತಂತಿ ಸರಿಯಿದ್ರೆ ಕುಂಬಳಕಾಯಿನೂ ಜಾಝ್ ಹಾಡುತ್ತೆ!"

ಅಂಗಡಿಯಿಂದ ತರಿಸಿದ ಜಿಪ್ಸಿ ತಂತಿ ಬಂತು. ಬಿಚ್ಚಿ ನೋಡಿದರೆ ತುದಿಯಲ್ಲಿ ಕುಣಿಕೆ! ಜಿಪ್ಸಿ ಗಿಟಾರಿಗಾದರೆ ಕುಣಿಕೆ ಸಿಕ್ಕಿಸಲು ಬುಡದಲ್ಲಿ ಕೊಕ್ಕೆಗಳಿರುತ್ತವೆ. ಇವನದಕ್ಕಿದ್ದದ್ದು ಬರೀ ತೂತು. ತೂತಿಗೆ ಬೇಕಾದದ್ದು ತುದಿಯಲ್ಲಿ ಹಿತ್ತಾಳೆಯ ಗುಂಡು ಇರುವ ತಂತಿ.

ಹಜಾರದಲ್ಲಿ ಮಾವ ಪತ್ರಿಕೆ ಹಿಡಿದು ಕೂತಿದ್ದರು. ಝೇಂಕಾರ ಬಾಲ್ಕನಿಗೆ ನುಸುಳಿ ಅಂಗಡಿಯವನಿಗೆ ಫೋನ್ ಮಾಡಿದ. ಗುಟ್ಟಾಗಿ ಮಾತಾಡುವುದು ಅವನ ಗಂಟಲಿಗೆ ಒಗ್ಗಿದ ವಿದ್ಯೆಯಲ್ಲ.

"ನಂಗೆ ಗುಂಡೇ ಬೇಕು ಸಾರ್! ಹನ್ನೊಂದಾ? ಬೇಡಪ್ಪ, ಹತ್ತೇ ಸಾಕು. ಹನ್ನೊಂದು ಹಾಕಿದ್ರೆ ಕತ್ತು ವಾಲುತ್ತೆ, ಹೊಟ್ಟೆ ಉಬ್ಬುತ್ತೆ! ಹೋದ ಸಲ ಹನ್ನೆರಡು ಹಾಕಿದ್ದಕ್ಕೆ ಕಿತ್ಕೊಂಡೇ ಬಂತು... ಕುಣಿಕೆನಾ? ಮನೇಲೇ ಇದೆ. ಗುಂಡು ಸಿಗದಿದ್ರೆ ಅದೇ ಗತಿ!"

ತಂತಿಯ ದಪ್ಪವನ್ನು ಹತ್ತು, ಹನ್ನೊಂದು ಎಂದು ಹೇಳುವುದು ಗಿಟಾರಿನವರ ವಾಡಿಕೆ; ವಾಲುವ ಕತ್ತು, ಉಬ್ಬುವ ಹೊಟ್ಟೆ ಎರಡೂ ಗಿಟಾರಿನವೇ. ಡ್ರಿಲ್ ಮೇಷ್ಟ್ರು ಲೆಕ್ಕ ಹಾಕಿದ್ದು ಗ್ಲಾಸುಗಳನ್ನು!

ಒಳಗೆ ಬಂದರೆ ಮಾವನ ಕೈಯಲ್ಲಿ ಮಗಳ ಸೂಟ್‌ಕೇಸು.

"ಹೊರಡಮ್ಮ. ಹತ್ತು ಹಾಕ್ತಾನಂತೆ, ಅದೂ 'ಸಾಕು' ಅಂತ ಸಂಯಮ ಬೇರೆ!"

"ಮಾವ, ಅದು ತಂತಿ ಗುಂಡು!"

"ಯಾವ ಕಂಪನಿದಾದ್ರೆ ನಂಗೇನು?"

ಹೆಂಡತಿ ನಗು ತಡೆಯಲಾರದೆ ಗೋಡೆಗೆ ಒರಗಿದಳು. "ಅಪ್ಪಾ, ಇವರು ಬರೀ ಸೋಡಾ ಕುಡಿದ್ರೂ ತೂಕಡಿಸ್ತಾರೆ!"

ಝೇಂಕಾರ ಎದ್ದನೋ ಬಿದ್ದನೋ ಎಂದು ಅಂಗಡಿಗೆ ಓಡಿ, ತಂತಿ ತಂದು ಸಾಕ್ಷಿ ಸಮೇತ ಹಾಜರಾದ. ಮಾವ ಕನ್ನಡಕ ಏರಿಸಿ ಗುಂಡನ್ನು ನೋಡಿದರು. ಅನುಮಾನ ತೀರದೆ ಮೂಸಿಯೂ ನೋಡಿದರು.

"ಸರಿ. ಬಾರಿಸಿ."

ಝೇಂಕಾರ ತಂತಿ ಬಿಗಿದು ಬಾರಿಸಿದ. ಕುದುರೆ ಓಡಿತು, ಎಡವಿತು, ಎದ್ದಿತು, ಎತ್ತಲೋ ಹೋಯಿತು. ಮಾವ ಕಣ್ಣು ಮುಚ್ಚಿ ಕೊನೆತನಕ ಕೇಳಿದರು. ಇನ್ನೇನು "ಭೇಷ್" ಉದುರಬೇಕು!

"ನಿಜ ಹೇಳಿ ಅಳಿಯಂದ್ರೆ, ಒಂದು ತೊಟ್ಟೂ ಹಾಕಿಲ್ವಾ?"

"ನಿಮ್ಮಾಣೆ ಇಲ್ಲ ಮಾವ!"

ಮಾವ ದೊಡ್ಡ ನಿಟ್ಟುಸಿರು ಬಿಟ್ಟರು.

"ಹಾಕಿದ್ರೆ ಕ್ಷಮಿಸಬಹುದಿತ್ತು!"