ಮುರಿದ ಕೋಡಿನ ಎತ್ತು

ಡಾಕಪ್ಪ ತೀರಿಕೊಂಡ ಸುದ್ದಿ ತಿಳಿದ ದಿನ ಪ್ರಭುಲಿಂಗಪ್ಪ ಮನೆ ಬಿಟ್ಟು ಹೊರಟದ್ದು ಅವನನ್ನು ವಾದದಲ್ಲಿ ಸೋಲಿಸಲಿಕ್ಕೆ. ಡಾಕಪ್ಪ ಮೆಚ್ಚಿದ್ದ ಎತ್ತಿನ ಬಂಡಿಯ ಸಿನಿಮಾದಲ್ಲಿ ಹೊಸದೊಂದು ತಪ್ಪು ಹೊಳೆದಿತ್ತು. ಬಿಸಿ ಮಿರ್ಚಿ ಬಾಯಿಗೆ ಹಾಕಿಕೊಂಡವನ ಹಾಗೆ, ಅದನ್ನು ಹೇಳಿಬಿಡುವ ಅವಸರದಲ್ಲಿ ರಾಣೇಬೆನ್ನೂರಿನ ಶಮಶೇರಸಾಬನ ಸಿ.ಡಿ. ಅಂಗಡಿಗೆ ಬಂದ. ಮುಂದೆ ಇಬ್ಬರೂ ಕೂರುವ ಮರದ ಬಾಕಿನ ಮೇಲೆ ಯಾರೂ ಇರಲಿಲ್ಲ.

"ಡಾಕಪ್ಪ ಬಂದಿಲ್ಲೇನು?"

ಶಮಶೇರಸಾಬ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ನಿಂತಿದ್ದ. "ಬೆಳಗಿನ ಜಾವ ಹೋಗಿಬಿಟ್ರಿ ಅಣ್ಣಾರ. ಎದಿ ಹಿಡಕೊಂಡು ಕುಂತಾವ್ರು ಏಳಲೇ ಇಲ್ಲಂತ."

ಪ್ರಭುಲಿಂಗಪ್ಪ ಬಾಕಿನ ಮೇಲೆ ತನ್ನ ಜಾಗದಲ್ಲಿಯೇ ಕುಳಿತ. ಪಕ್ಕದ ಜಾಗವನ್ನು ಬಿಟ್ಟೇ ಕುಳಿತ.

ಡಾಕಪ್ಪ ಹೊಲಿಗೆ ಕೆಲಸದವನು. ಪ್ರಭುಲಿಂಗಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಮಾಡಿ, ವಯಸ್ಸಾದ ಮೇಲೆ ರಾಣೇಬೆನ್ನೂರಿಗೆ ಬಂದು ನೆಲೆಸಿದವನು. ಸಂಜೆಯಾದರೆ ಇಬ್ಬರೂ ಆ ಬಾಕಿನ ಮೇಲೆ ಕುಳಿತು ಜಗಳ ತೆಗೆಯುತ್ತಿದ್ದರು. ಊರೆಲ್ಲ ಹೊಗಳಿದ್ದನ್ನು ಡಾಕಪ್ಪ ಒಪ್ಪುತ್ತಿರಲಿಲ್ಲ. ನೂರು ದಿನ ಓಡಿದ ಸಿನಿಮಾವನ್ನು ಕುರಿತು, "ಎದಿಗೆ ಗುಂಡ ಬಿದ್ದ ಮ್ಯಾಲೆ ಪೂರಾ ಒಂದು ಹಾಡ ಹಾಡ್ತಾನ. ಅವನ್ನ ಮೊದಲ ನಮ್ಮೂರ ಡಾಕ್ಟರಿಗೆ ತೋರಸ್ರಿ" ಎನ್ನುತ್ತಿದ್ದ. ಟೀವಿ ಧಾರಾವಾಹಿಯ ಮಾತು ಬಂದರೆ, "ಸೋಮವಾರ ಮಾಳಗಿ ಇಳಿಯಾಕ ಸುರು ಮಾಡಿದ ಅತ್ತಿ ಶುಕ್ರವಾರ ಆದ್ರೂ ನೆಲಾ ಮುಟ್ಟಂಗಿಲ್ಲ" ಎನ್ನುತ್ತಿದ್ದ.

ಅವನು ಮೆಚ್ಚಿದ್ದು ಒಂದೇ, ಮೂರು ದಿನಕ್ಕೆ ಟಾಕೀಜು ಬಿಟ್ಟು ಓಡಿದ ಬಂಡಿಯ ಸಿನಿಮಾ. ಮುದುಕನೊಬ್ಬ ಹೆಂಡತಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೋಗುತ್ತಾನೆ, ಒಬ್ಬನೇ ತಿರುಗಿ ಬರುತ್ತಾನೆ. ಅಷ್ಟೇ ಕತೆ.

"ಅದರಾಗ ಯಾರೂ ಅಳಂಗಿಲ್ಲ. ಅಳಸ್ಲಿಕ್ಕೆ ಬರದಿದ್ರ ಅದೆಂಥಾ ಸಿನಿಮಾ?" ಎಂಬುದು ಪ್ರಭುಲಿಂಗಪ್ಪನ ವಾದ.

"ನಿಮ್ಮ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲಾನೂ ಅಳಸ್ತಾವು. ಪ್ರಶಸ್ತಿ ಕೊಡೂಣೇನು?"

ಕೊನೆಯ ಸಂಜೆ ಈ ಮಾತಿಗೇ ಪ್ರಭುಲಿಂಗಪ್ಪ ಸಿಟ್ಟಿನಿಂದ ಎದ್ದಿದ್ದ. "ಇನ್ನ ನಿನ್ನ ಜೋಡಿ ಸಿನಿಮಾದ ಮಾತ ಆಡಂಗಿಲ್ಲ" ಎಂದು ಚಪ್ಪಲಿ ಮೆಟ್ಟಿ ಹೋಗಿದ್ದ. ಬೆಳಗಾಗುವಷ್ಟರಲ್ಲಿ ಆ ಮಾತು ನಿಜವಾಗಿತ್ತು.

ಹತ್ತನೆಯ ದಿನ ಮೇಡ್ಲೇರಿಯ ಹೊಳೆದಂಡೆಯಲ್ಲಿ ಡಾಕಪ್ಪನ ಮಗ ನಂದನ ಎಡೆ ಇಟ್ಟ. ಕಾಗೆ ಮುಟ್ಟಿದರೆ ಸತ್ತವರ ಆಸೆ ತೀರಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಉಳಿದಿದೆ. ಅದು ಮುಟ್ಟುವವರೆಗೆ ಬಂದವರಿಗೂ ಊಟವಿಲ್ಲ.

ಕಾಗೆಯೇನೋ ಬಂದಿತ್ತು. ಜಾಲಿಯ ಮರದಲ್ಲಿ, ಬಾಲ್ಕನಿಯ ಪ್ರೇಕ್ಷಕನಂತೆ ಕುಳಿತು ಕೆಳಗಿನದನ್ನೆಲ್ಲ ನೋಡುತ್ತಿತ್ತು.

"ಅಪ್ಪಾ, ಅವ್ವನ್ನ ಚಲೋತ್ನಂಗ ನೋಡ್ಕೋತೇನಿ" ಎಂದ ನಂದನ. ಕಾಗೆ ಕೊಕ್ಕು ತಿಕ್ಕಿಕೊಂಡಿತು. ಡಾಕಪ್ಪನ ಹೆಂಡತಿ ಮಥುರಾಬಾಯಿ ಗಂಡನ ಎಲೆಯಡಿಕೆಯ ಚೀಲ ತಂದಿಟ್ಟಳು. ಕಾಗೆ ಬೆನ್ನು ತಿರುಗಿಸಿತು.

ಬಿಸಿಲು ನೆತ್ತಿಗೇರಿತು. ನೆರೆಮನೆಯ ಭರಮಣ್ಣನಿಗೆ ಎಲ್ಲರಿಗಿಂತ ಮೊದಲು ಹಸಿವಾಯಿತು, ಹಸಿವಿನಿಂದ ಜ್ಞಾನವಾಯಿತು.

"ಇದು ಸಿನಿಮಾದ ಆಸೆ. ಬಂಡಿ ಸಿನಿಮಾ ದೊಡ್ಡದಂತ ಪ್ರಭಣ್ಣನ ಬಾಯಿಲೆ ಕೇಳಬೇಕಂತ ಜೀವ ನಿಂತೈತಿ. ಹೇಳಿಬಿಡಪಾ."

"ಸುಳ್ಳ ಹೆಂಗ ಹೇಳ್ಲೋ?"

"ಬದುಕಿದ್ದಾವ್ರಿಗೆ ದಿನಾ ಹೇಳ್ತೀವಿ. ಸತ್ತಾವಗ ಒಂದು ಹೇಳಿದ್ರ ಏನಾಕ್ಕೈತಿ?"

ಮಥುರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೇಳ್ರಿ ಅಣ್ಣಾರ. ಒಂದು ಮಾತಿನ ಸಲುವಾಗಿ ಅವರು ದಾರ್ಯಾಗ ನಿಲ್ಲಬಾರದು."

ಅಷ್ಟಾದ ಮೇಲೆ ಪ್ರಭುಲಿಂಗಪ್ಪ ಕೈಮುಗಿದ. "ಬಂಡಿ ಸಿನಿಮಾ ಭಾಳ ಚಲೋ ಐತಿ" ಎಂದ. ಕಾಗೆ ಇನ್ನೂ ಒಂದು ಟೊಂಗೆ ಮೇಲೆ ಹೋಯಿತು.

"ನೂರು ದಿನದ್ದು ಕೆಟ್ಟ ಅಂತನೂ ಹೇಳು" ಎಂದ ಭರಮಣ್ಣ.

ಅದನ್ನೂ ಹೇಳಿದ.

"ಧಾರಾವಾಹಿ?"

ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವನ ಹೆಂಡತಿ ಪ್ರೇಮವ್ವ ಎದ್ದಳು. "ಧಾರಾವಾಹಿ ಸುದ್ದಿಗೆ ಬರಬ್ಯಾಡ್ರಿ. ನಿನ್ನೆ ಆ ಸೊಸಿ ಪಾಡ ನೋಡಿ ನಾ ಊಟಾ ಬಿಟ್ಟೇನಿ."

"ಎರಡ ಸಲ ಅನ್ನ ಹಾಕ್ಕೊಂಡಿಯಲ್ಲ."

"ಅದು ಜಾಹೀರಾತಿನ್ಯಾಗ."

ಸೊಸೆಯದೇ ತಪ್ಪು ಎಂದು ಒಬ್ಬಳು, ಅತ್ತೆಯದು ಎಂದು ಇನ್ನೊಬ್ಬಳು. ಹೊಳೆದಂಡೆಯಲ್ಲಿ ಎರಡು ಪಕ್ಷಗಳಾದವು. ಗದ್ದಲಕ್ಕೆ ಬೇಸತ್ತು ಕಾಗೆ ಬೇರೆ ಮರಕ್ಕೆ ಹಾರಿತು. ಮಥುರಾಬಾಯಿ ಸದ್ದಿಲ್ಲದೆ ಅಳತೊಡಗಿದಳು.

ಅದನ್ನು ನೋಡಿ ಪ್ರಭುಲಿಂಗಪ್ಪನಿಗೆ ತಡೆಯಲಾಗಲಿಲ್ಲ. ಎಡೆಯ ಹತ್ತಿರ ಹೋಗಿ ಮೊಣಕಾಲೂರಿದ.

"ಡಾಕಪ್ಪಾ, ಈಗ ಹೇಳಿದ್ದೆಲ್ಲಾ ಸುಳ್ಳು. ನಿನ್ನ ಸಿನಿಮಾ ಚಲೋ ಇಲ್ಲ. ಅವತ್ತ ಹೇಳಾಕಂತ ಬಂದಿದ್ದೆ, ನೀ ಇರಲಿಲ್ಲ. ದವಾಖಾನಿಗೆ ಹೋಗುವಾಗ ಬಲಗಡೆ ಎತ್ತಿನ ಕೋಡು ಮುರದಿತ್ತು. ತಿರಗಿ ಬರುವಾಗ ಎರಡೂ ಕೋಡು ಅದಾವು. ದಾರ್ಯಾಗ ಚಿಗುರಿತೇನಪಾ ಅದು? ಉತ್ತರಾ ಕೊಡು. ಸುಮ್ಮನ ಕುಂದರಬ್ಯಾಡ ಮಾರಾಯ."

ರೆಕ್ಕೆಯ ಸಪ್ಪಳವಾಯಿತು. ಕಾಗೆ ನೇರವಾಗಿ ಎಡೆಯ ಮೇಲೆ ಇಳಿದು, ಹಸಿದವರ ಹಾಗೆ ತಿನ್ನತೊಡಗಿತು.

"ಅವಗ ಬೇಕಾಗಿದ್ದು ಹೊಗಳಿಕಿ ಅಲ್ಲ, ಜಗಳ" ಎನ್ನುತ್ತ ಭರಮಣ್ಣ ಎಲ್ಲರಿಗಿಂತ ಮೊದಲು ಊಟಕ್ಕೆ ಕುಳಿತ.

ಮಥುರಾಬಾಯಿ ನಗುತ್ತ ಅತ್ತಳು. "ಪ್ರತಿ ವರ್ಷಾ ಎಡಿ ಇಡೂ ದಿನಾ ನೀವ ಬರಬೇಕ್ರಿ ಅಣ್ಣಾರ. ಹೊಸಾ ತಪ್ಪ ಹುಡಿಕ್ಕೊಂಡು."

"ಆತ್ರಿ ವೈನಿ" ಎಂದ ಪ್ರಭುಲಿಂಗಪ್ಪ.

ಹೊರಡುವಾಗ, ಎಡೆಗೆಂದು ಬಂದಿದ್ದ ಶಮಶೇರಸಾಬ ಆ ಸಿನಿಮಾದ ಸಿ.ಡಿ.ಯನ್ನು ಅವನ ಕೈಗಿಟ್ಟ. "ನಿಮ್ಮ ಹತ್ರಾನ ಇರಲಿ. ಇದನ್ನ ಬಾಡಿಗಿ ಒಯ್ಯಾವರು ಅವರೊಬ್ಬರ ಇದ್ದರು."

ಮುಂದಿನ ವರ್ಷದ ತಪ್ಪನ್ನು ಈಗಲೇ ಹುಡುಕಿಟ್ಟುಕೊಂಡರಾಯಿತೆಂದು ಪ್ರಭುಲಿಂಗಪ್ಪ ಅಂದೇ ಸಂಜೆ ಸಿ.ಡಿ. ಹಾಕಿದ. ಧಾರಾವಾಹಿ ತಪ್ಪಿದ್ದಕ್ಕೆ ಪ್ರೇಮವ್ವ ಮುಖ ಊದಿಸಿಕೊಂಡು ಪಕ್ಕದಲ್ಲಿ ಕುಳಿತಳು. ಬಂಡಿ ದವಾಖಾನೆಗೆ ಹೋಯಿತು. ಬಲಗಡೆಯ ಎತ್ತಿನ ಕೋಡು ಮುರಿದಿತ್ತು. ಮುದುಕ ಒಬ್ಬನೇ ತಿರುಗಿ ಬಂದ. ಹಿಂದಿನ ಹಾಸಿಗೆ ಬರಿದಾಗಿತ್ತು.

ಬಲಗಡೆಯ ಎತ್ತಿನ ಕೋಡು ಆಗಲೂ ಮುರಿದೇ ಇತ್ತು.

ಪ್ರಭುಲಿಂಗಪ್ಪ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದ. ಮುರಿದೇ ಇತ್ತು. ಎರಡು ಕೋಡಿನ ಎತ್ತು ಬೇರೆ ಯಾವ ಸಿನಿಮಾದ್ದೋ. ಅದನ್ನು ಇದಕ್ಕೆ ಕಟ್ಟಿ, ಊರ ಜನರ ಎದುರು, ಸತ್ತವನ ಎಡೆಯ ಮುಂದೆ ಉತ್ತರ ಕೇಳಿದ್ದ. ಕಾಗೆ ಅಷ್ಟು ಅವಸರದಿಂದ ಯಾಕೆ ಇಳಿಯಿತೆಂದು ಈಗ ತಿಳಿಯಿತು. ಬದುಕಿದ್ದರೆ ಡಾಕಪ್ಪ ಈ ಒಂದು ಮಾತಿನ ಮೇಲೆ ಆರು ತಿಂಗಳು ನಕ್ಕಿರುತ್ತಿದ್ದ. ಈಗ ಸೋತೆನೆಂದು ಹೇಳಲಿಕ್ಕೂ ಬಾಕಿನ ಮೇಲೆ ಯಾರೂ ಇಲ್ಲ.

"ಅಳೂವಂಥಾದ್ದು ಏನೈತ್ರಿ ಇದರಾಗ?" ಎಂದಳು ಪ್ರೇಮವ್ವ.

"ಏನಿಲ್ಲ. ಸುಮಾರ ಐತಿ ಸಿನಿಮಾ" ಎಂದು ಅವನು ಕಣ್ಣೊರೆಸಿಕೊಂಡ.

ಆಮೇಲೆ ದೇವರ ಕೋಣೆಗೆ ಹೋಗಿ ದೀಪದ ಮುಂದೆ ನಿಂತ. ಶಿವನೇ, ನನ್ನ ಗೆಳೆಯನ ಜೀವಕ್ಕೆ ಶಾಂತಿ ಕೊಡು. ಕೋಡಿನ ಮಾತು ಅವನಿಗೆ ಆಗಲೇ ತಿಳಿದಿರುತ್ತದೆ. ನಗಲಿ, ತಡೆಯಬೇಡ. ಆದರೆ ನಿನ್ನ ಲೋಕದಲ್ಲಿ ಯಾರೂ ಅವನ ಮಾತಿಗೆ ಸುಮ್ಮನೆ ಹೂಂಗುಟ್ಟದಿರಲಿ, ಅದು ಅವನಿಗೆ ಆಗಿಬರುವುದಿಲ್ಲ. ಎದುರು ವಾದಿಸುವ ಒಬ್ಬನನ್ನು ಅವನ ಪಕ್ಕದಲ್ಲಿ ಕೂರಿಸು, ತಂದೆ, ನಾನು ಬರುವವರೆಗೆ.