ಮಾವನ ಹ್ಞೂಂ ನುಂಗಿದ ಸಾಫ್ಟ್‌ವೇರ್

ಸಾಲಿ ಮಾಸ್ತರಗ ಪಾಡ್‌ಕಾಸ್ಟಿನ ಉಸಾಬರಿ ಯಾಕ ಬೇಕಿತ್ತು ಅಂತ ಹೆಂಡತಿ ಕೇಳ್ತಾಳ. ಬೇಕಿರಲಿಲ್ಲ ಖರೇ. ಅದಕ್ಕ ಇಳಿದ ದಿನದಿಂದ ನನ್ನ ಫಜೀತಿಗೆ ಒಂದಿನಾನೂ ರಜಾ ಸಿಕ್ಕಿಲ್ಲ. ಮಾತಾಡಾಕ ಮಸ್ಕಿಯ ನನ್ನ ಸೋದರತ್ತಿ ಇದ್ಲು. ಮುದಗಲ್ಲಿಂದ ಸೊಸಿಯಾಗಿ ಬಂದ ಸುದ್ದಿ ತಗದ್ಲು ಅಂದ್ರ ಕೇಳಿದವರು ಎದ್ದು ಹೋಗಂಗಿಲ್ಲ. ಆ ಮಾತು ಕತ್ತರಿಸಿ ಜೋಡಿಸೋ ಛಲೋ ಸಾಫ್ಟ್‌ವೇರ್ ಮಾತ್ರ ಸಿಗವಲ್ದಾಗಿತ್ತು.

೧. ಪುಕ್ಕಟೆದ್ದು

ಮೊದಲು ಪುಕ್ಕಟೆ ಸಿಗೋದೊಂದನ್ನ ಹಾಕ್ಕೊಂಡು, ಸಿಂಧನೂರಿಂದ ಲ್ಯಾಪ್‌ಟಾಪ್ ಒಯ್ದು ಅತ್ತಿ ಅಡಿಗಿಮನ್ಯಾಗ ಇಟ್ಟೆ. ಅತ್ತಿ ರೊಟ್ಟಿ ಬಡಕೋತ ಹೇಳಿದ್ದು, ಮಗ್ಗಲಾಗ ಕುಂತ ಮಾವ ನಡುನಡುವ "ಹ್ಞೂಂ" ಅಂದಿದ್ದು, ಎಲ್ಲಾ ಪರದಿ ಮ್ಯಾಲ ಗೆರಿಯಾಗಿ ಮೂಡಿತು.

"ಇದೇನೋ ಗುಡ್ಡ ಗುಡ್ಡ ಕಾಣತೈತಿ?"

"ನಿನ್ನ ದನಿ ಅತ್ತಿ."

"ನಡುವ ಈ ಸಣ್ಣ ಸಣ್ಣ ಇರುವಿ?"

"ಅವು ಮಾವಂದು."

ಅತ್ತಿ ಮಾವನ ಕಡೆ ನೋಡಿದ್ಲು. "ಮಷಿನ್ ಶಾಣ್ಯಾ ಐತ್ರೀ. ಬಂದ ದಿನಾನ ಈ ಮನ್ಯಾಗ ಯಾರದು ನಡೀತೈತಿ ಅಂತ ತಿಳ್ಕೊಂಡೈತಿ!"

೨. ಗದ್ದಲ ತೆಗಿಯೋದು

ಪುಕ್ಕಟೆದ್ದರಾಗ ಗುಂಡಿ ಭಾಳ. ಯಾವುದು ಒತ್ತಿದ್ರ ಏನಾಕ್ಕೈತಿ ತಿಳೀವಲ್ದು. ಲಿಂಗಸುಗೂರಾಗ ಕಂಪ್ಯೂಟರ್ ಕಲಿಸೋ ನನ್ನ ದೋಸ್ತ, "ಅದನ್ನ ಬಿಡು. ಫೋನಿಗೆ ಈ ಆ್ಯಪ್ ಹಾಕ್ಕೋ, ಹಿಂದಿನ ಗದ್ದಲ ತಾನ ತೆಗೀತೈತಿ" ಅಂದ. ತೆಗೀತು. ಅತ್ತಿ ಕೇಳಿ ಗಾಬರ್‍ಯಾದ್ಲು.

"ರೊಟ್ಟಿ ಬಡಿಯೋ ಸಪ್ಪಳ ಎಲ್ಲಿ ಹೋತು?"

"ಗದ್ದಲ ಅಂತ ತಗದೈತಿ ಅತ್ತಿ."

"ಯವ್ವಾ! ಕೇಳಿದ ಮಂದಿ ಏನಂದಾರು? ಇಕಿಗೆ ಕೆಲಸಿಲ್ಲ ಬೊಗಸಿಲ್ಲ, ಹರಟಿ ಹೊಡಕೋತ ಕುಂತಾಳ ಅನ್ನಂಗಿಲ್ಲೇನು? ಹನ್ನೆರಡು ರೊಟ್ಟಿ ಬಡದೀನಿ. ಹನ್ನೆರಡೂ ಕೇಳಬೇಕು!"

೩. ಬುದ್ಧಿ ಇದ್ದದ್ದು

ದೋಸ್ತಗ ಮಾನ ಹೋದಂಗಾತು. ಹದಿನೈದು ದಿನ ಬಳಸಿ ನೋಡಾಕ ಕೊಡೋ ದುಬಾರಿ ಸಾಫ್ಟ್‌ವೇರ್ ತಂದ. "ಇದಕ್ಕ ಬುದ್ಧಿ ಐತಿ. ಬ್ಯಾಡಾದ ಮಾತು ತಾನ ಹುಡುಕಿ ತೆಗೀತೈತಿ." ಒಂದು ಗುಂಡಿ ಒತ್ತಿದ್ದಕ್ಕ ಮಾವನ ಹ್ಞೂಂ ಒಂದೂ ಬಿಡದಂಗ ಹೋದ್ವು. ನಾ ಮಹಾ ಶಾಣ್ಯಾ, ಕೇಳಿ ನೋಡಲಾರದನ ಹಳೇ ಫೈಲಿನ ಮ್ಯಾಲೇ ಸೇವ್ ಮಾಡಿದೆ, ಮೊದಲಿಂದು ಅಳಿಸಿ ಹೋತು.

ಮಸ್ಕಿಯಾಗ ಕೇಳಿಸಿದಾಗ ಅತ್ತಿ ನಗಲಿಲ್ಲ. "ನಿಮ್ಮ ಮಾವ ಎಲ್ಲದಾರ ಇದರಾಗ?"

"ಹ್ಞೂಂ ಅನ್ನೋದು ಬ್ಯಾಡಾದ ಮಾತು ಅಂತ ಸಾಫ್ಟ್‌ವೇರ್ ತಿಳ್ಕೊಂಡು..."

"ಬ್ಯಾಡಾದದ್ದಾ? ನಲವತ್ತು ವರ್ಷ ಆತು, ಅವರು ಹ್ಞೂಂ ಅನ್ನಲಾರದ ಮುಂದಿನ ಮಾತು ನನ್ನ ಬಾಯಿಗೆ ಬಂದಿಲ್ಲ. ಇಲ್ಲಿ ನೋಡು, ಹುಚ್ಚಿ ಹಂಗ ಒಬ್ಬಾಕಿನ ಮಾತಾಡಾಕತ್ತೀನಿ. ಅವರ ಹ್ಞೂಂ ವಾಪಸ್ ಬರೋತನಕ ನಾ ಒಂದು ಮಾತೂ ಹೇಳಂಗಿಲ್ಲ. ಇದನ್ನ ಯಾರಿಗೂ ಕೇಳಿಸಬ್ಯಾಡ."

ಅತ್ತಿ ಇಲ್ಲಂದ್ರ ಪಾಡ್‌ಕಾಸ್ಟ್ ಖತಂ. ಅದು ಹೋಗಲಿ, ಅಕಿ ಮನಸ್ಸು ನೋಯಿಸಿದ್ನಲ್ಲ ಅಂತ ಭಾಳ ಕೆಟ್ಟನಿಸ್ತು. ದೋಸ್ತಗ ಹೇಳಿದ್ರ, "ಸಾಫ್ಟ್‌ವೇರಂದು ತಪ್ಪಿಲ್ಲಪಾ. ನಿಮ್ಮ ಮಾವನ ಹ್ಞೂಂದಾಗ ಜೀವ ಇರಲಿಲ್ಲ" ಅಂದ.

೪. ವಾಪಸ್ ಬಂದ ಹ್ಞೂಂ

ಮತ್ತ ಪುಕ್ಕಟೆದ್ದಕ್ಕ ಬಂದೆ. ಮೈಕ್ ಪರೀಕ್ಷಾ ಮಾಡಿದ್ದ ತುಣುಕಿನಾಗ ಮಾವನ ಹ್ಞೂಂ ಒಂದೇ ಒಂದು ಉಳಿದಿತ್ತು. ಅದನ್ನ ಕಾಪಿ ಮಾಡಿ, ಅತ್ತಿ ಉಸಿರು ತಗೊಂಡಲ್ಲೆಲ್ಲಾ ಅಂಟಿಸಿದೆ. ಐತವಾರ ಸಾಲಿ ರಜಾ ಇತ್ತು, ಮಸ್ಕಿಗೆ ಹೋಗಿ ಇಬ್ಬರಿಗೂ ಕೇಳಿಸಿದೆ.

"ಮುದಗಲ್ ಬಿಡುವಾಗ ನಾ ಭಾಳ ಅತ್ತಿದ್ದೆ."

"ಹ್ಞೂಂ."

ಅತ್ತಿ ಮುಖ ಅರಳಿತು. ನನಗೂ ಜೀವ ಬಂದಂಗಾತು. ರೆಕಾರ್ಡಿಂಗ್ ಮುಂದ ಓಡಿತು.

"ರೀ, ನಿಮ್ಮವ್ವ ಬೆಲ್ಲದ ಡಬ್ಬಿಗೆ ಕೀಲಿ ಹಾಕ್ತಿದ್ಲು."

"ಹ್ಞೂಂ."

"ತಪ್ಪೆಲ್ಲಾ ಅಕಿದೇ ಇತ್ತು."

"ಹ್ಞೂಂ."

ಅತ್ತಿ ಕೈಯಾಗಿನ ರೊಟ್ಟಿ ಅಲ್ಲೇ ಬಿಟ್ಲು. "ಅದನ್ನ ಇನ್ನೊಮ್ಮೆ ಹಾಕು." ಹಾಕಿದೆ. "ಇನ್ನೊಮ್ಮೆ." ಮತ್ತ ಹಾಕಿದೆ.

ಮಾವ ಎದ್ದು ನಿಂತ್ರು. "ಲೇ ಅಳಿಯಾ, ಅಲ್ಲಿ ನಾ ಬಾಯಿನ ಬಿಟ್ಟಿಲ್ಲಲೇ!"

"ಸುಮ್ಮ ಕುಂದರ್ರಿ, ಮಷಿನ್ಯಾಗ ಬಂದೈತಿ" ಅಂದ ಅತ್ತಿ, ಕೈ ಒರಸ್ಕೊಂಡು ನನ್ನ ಕಡೆ ತಿರುಗಿದ್ಲು. "ಇದೇ ಸಾಫ್ಟ್‌ವೇರ್ ಇರಲಿ, ಬ್ಯಾರೇದು ಹುಡುಕಬ್ಯಾಡ. ನಾಳಿ ಸಾಲಿ ಬಿಟ್ಟಕೂಡ್ಲೇ ಬಾ. ನಿಮ್ಮ ಮಾವನ ಅಕ್ಕಂದು ಹೇಳೋದೈತಿ."