ಹೆಂಡತಿ ಹೊಗಳಿದ ಐದು ನಿಮಿಷ

"ನಮ್ಮನೇಲಿ ಸಕ್ಕರೆ ಕುಸಿಯೋದೇ? ನಾನಿರೋ ತನಕ ಆ ಮಾತೇ ಇಲ್ಲ!" ಎಂದು ಡಾಕ್ಟರಮ್ಮನ ಮುಂದೆ ಎದೆ ತಟ್ಟಿಕೊಂಡವನು ನಾನೇ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಪಕ್ಕದಲ್ಲಿ ಸೊಳ್ಳೆ ಸೀನಿದರೆ ಸೆಕೆಂಡಿನ ಮುಳ್ಳು ಎಷ್ಟು ನಡುಗಿತೆಂದು ಹೇಳಬಲ್ಲೆ. ಇನ್ಸುಲಿನ್ ಚುಚ್ಚಿಕೊಳ್ಳುವ ಹೆಂಡತಿಯನ್ನು ಕಾಯುವುದು ಯಾವ ಮಹಾ ಕೆಲಸ!

ಡಾಕ್ಟರಮ್ಮ ಲಕ್ಷಣ ಹೇಳಿದರು: ಬೆವರು, ನಡುಕ, ಸಿಡಿಮಿಡಿ, ತಲೆಬುಡವಿಲ್ಲದ ಮಾತು.

"ಸಿಡಿಮಿಡಿಯೇ? ಹಾಗಾದ್ರೆ ಇವಳಿಗೆ ಮದುವೆ ದಿನದಿಂದ್ಲೂ ಸಕ್ಕರೆ ಕಡಿಮೆ!" ಎಂದೆ. ಯಾರೂ ನಗಲಿಲ್ಲ.

ಅಂದಿನಿಂದ ಇವಳು ಗದರಿದಾಗಲೆಲ್ಲ ಬೆರಳು ಹಿಡಿದು ಚುಚ್ಚಿ ಪರೀಕ್ಷಿಸಿದೆ. ನೂರಿಪ್ಪತ್ತಾರು. ನೂರಮೂವತ್ತು. ನಾಲ್ಕೇ ದಿನದಲ್ಲಿ ಬೆರಳು ಜರಡಿ, ಸ್ಟ್ರಿಪ್ ಡಬ್ಬಿ ಖಾಲಿ!

ಐದನೇ ದಿನ ಮಧ್ಯಾಹ್ನ ಒಳಗೆ ಅಡ್ಡಹಲಗೆಗಳಿಲ್ಲದ ಹಳೇ ಕಪಾಟೊಂದನ್ನು ತಂದೆ. ಇವಳು ಇನ್ಸುಲಿನ್ ತೆಗೆದುಕೊಂಡು ಊಟಕ್ಕೆ ಏಳುವಷ್ಟರಲ್ಲಿ ಅದನ್ನು ಅಡುಗೆಮನೆಗೆ ತಳ್ಳಿದೆ. ಬಾಗಿಲಲ್ಲೇ ಸಿಕ್ಕಿಕೊಂಡಿತು! "ಐದೇ ನಿಮಿಷ ಕಣೇ" ಎಂದು ಅರ್ಧ ಗಂಟೆ ದಬ್ಬಿದೆ. ಅದು ಅಲ್ಲೇ ಹುಟ್ಟಿ ಬೆಳೆದ ಹಾಗೆ ನಿಂತಿತ್ತು.

ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡೆ. ಕುರ್ಚಿಯಿಂದ ಮೆತ್ತನೆ ದನಿ ಬಂತು: "ಚೆನ್ನಾಗಿದೆ ಕಣ್ರೀ. ನೀವು ಮಾಡಿದ್ದೇ ಸರಿ."

ಮೂವತ್ತೆಂಟು ವರ್ಷದಲ್ಲಿ ಮೊದಲ ಬಾರಿ! "ಇನ್ನೊಂದ್ಸಲ ಹೇಳು" ಎಂದೆ. ಹೇಳಿದಳು. ಐದು ನಿಮಿಷ ಹಿಗ್ಗಿ ಹೀರೇಕಾಯಿಯಾಗಿ ನಿಂತೆ. ಆಮೇಲೆ ಕೇಳಿದಳು: "ಕಪಾಟಿಗೆ ಊಟ ಬಡಿಸಿದ್ರಾ?"

ತಿರುಗಿ ನೋಡಿದರೆ ಹಣೆ ತುಂಬ ಬೆವರು, ಬೆರಳು ಗಡಗಡ! ಪರೀಕ್ಷಿಸಲು ಸ್ಟ್ರಿಪ್ ಇಲ್ಲ. "ಅನುಮಾನ ಬಂದ್ರೆ ಕಾಯ್ಬೇಡಿ, ಮೊದ್ಲು ಸಕ್ಕರೆ ಕೊಡಿ" ಎಂದಿದ್ದರು ಡಾಕ್ಟರಮ್ಮ. ಸಕ್ಕರೆ ಅಡುಗೆಮನೆಯಲ್ಲಿ. ಬಾಗಿಲಲ್ಲಿ ಕಪಾಟು!

ಕಪಾಟನ್ನೇ ತೆರೆದು ಒಳಹೊಕ್ಕು ಹಿಂಬದಿಯ ಹಲಗೆಗೆ ಒದ್ದೆ. ಎರಡನೇ ಒದೆತಕ್ಕೆ ಹಲಗೆ ಮುರಿಯಿತು. ಅರವತ್ತಾರನೇ ವಯಸ್ಸಿನಲ್ಲಿ ನಾನು ಅಡುಗೆಮನೆಯಲ್ಲಿ ಪುನಃ ಜನಿಸಿದೆ! ಮೂರು ಚಮಚ ಸಕ್ಕರೆ ಕದಡಿದ ನೀರು ಹಿಡಿದು ಅದೇ ದಾರಿಯಲ್ಲಿ ವಾಪಸು.

"ಕುಡಿ ತಾಯಿ, ನಿಧಾನ." ಪುಣ್ಯಕ್ಕೆ ಎಚ್ಚರವಿತ್ತು. ಗುಟುಕು ಗುಟುಕಾಗಿ ಕುಡಿದಳು.

ಸಕ್ಕರೆ ಏರಲು ಹದಿನೈದು ನಿಮಿಷ ಕಾಯಬೇಕಂತೆ. ಸಾವಿರಾರು ಗಡಿಯಾರ ಓಡಿಸಿದ ನನಗೆ ಅಂದು ಒಂದು ಮುಳ್ಳನ್ನು ಓಡಿಸಲಾಗಲಿಲ್ಲ. ಅವಳ ಕೈ ಹಿಡಿದು ಕೂತೆ. "ಏನಾದ್ರೂ ಮಾತಾಡೇ. ಬೈದ್ರೂ ಸರಿ."

ಹದಿನಾಲ್ಕನೇ ನಿಮಿಷಕ್ಕೆ ಅವಳ ಕಣ್ಣು ಕಪಾಟಿನ ಮೇಲೆ ನೆಟ್ಟಿತು. "ಈ ದರಿದ್ರದ್ದನ್ನ ಯಾವ ಮುಠ್ಠಾಳ ತಂದಿದ್ದು?"

"ನಾನೇ ಕಣೇ, ನಾನೇ!" ಎಂದು ಕುಣಿದೆ. ಕುಣಿಯುತ್ತಲೇ ಕಪಾಟಿಗೆ ನುಗ್ಗಿ ಊಟ ತಂದೆ.

ಮರುದಿನ ಡಾಕ್ಟರಮ್ಮ ಕೇಳಿದರು: "ನಿಮಗೆ ಗೊತ್ತಾಗೋಕೆ ಐದು ನಿಮಿಷ ಯಾಕೆ ಬೇಕಾಯ್ತು?"

"ಹೊಗಳ್ತಿದ್ಳು ಡಾಕ್ಟ್ರೇ... ಕೇಳ್ತಾ ನಿಂತ್ಬಿಟ್ಟೆ."

"ಮುಂದಿನ ಸಲ?"

ಇವಳೇ ಉತ್ತರಿಸಿದಳು: "ನಾನು ಬೈಯೋದು ನಿಲ್ಸಿದ ತಕ್ಷಣ ಇವ್ರು ಸಕ್ಕರೆ ತರ್ಬೇಕು, ಅಷ್ಟೇ. ಪಾಪ, ಗೊಂದಲ ಆಗ್ಬಾರ್ದಲ್ಲ? ಅದಕ್ಕೇ ಮಧ್ಯೆ ಎಲ್ಲೂ ನಿಲ್ಸೋದೇ ಇಲ್ಲ!"